ಮಗುವಿನ ತೂಕ, ಎತ್ತರ, ಲಸಿಕೆ ದಾಖಲೆ ತಪ್ಪು ತೋರಿಸಿದರೆ ಎಲ್ಲಿಂದ ಹುಡುಕಬೇಕು?

ಬೆಂಗಳೂರಿನ ಸಣ್ಣ ಕ್ಲಿನಿಕ್, ಟ್ರಸ್ಟ್‌ಗಳ ಮಕ್ಕಳ ಕೇಂದ್ರ, ಬಡಾವಣೆಯ ಆರೋಗ್ಯ ಶಿಬಿರ, ಎಲ್ಲ ಕಡೆ ಈಗ ಮಕ್ಕಳ ದಾಖಲೆ ಟ್ಯಾಬ್‌ನಲ್ಲೋ ಮೊಬೈಲ್‌ನಲ್ಲೋ ಇರುತ್ತದೆ. ಸರ್ಕಾರದ ಕಡೆ ಅಂಗನವಾಡಿಗೆ ಪೋಷಣ್ ಟ್ರ್ಯಾಕರ್ ಇದೆ, ಲಸಿಕೆಗೆ ಯು-ವಿನ್ ಇದೆ. ಖಾಸಗಿ ಕ್ಲಿನಿಕ್‌ಗಳು ತಮ್ಮದೇ ಸಾಫ್ಟ್‌ವೇರ್ ಇಟ್ಟುಕೊಂಡಿರುತ್ತವೆ. ಕೆಲವರದ್ದು ಬರೀ ಎಕ್ಸೆಲ್ ಶೀಟ್. ಈ ಕೈಪಿಡಿ ಯಾವುದೋ ಒಂದು ಆ್ಯಪ್‌ಗೆ ಬರೆದದ್ದಲ್ಲ. ಪರದೆ ಒಂದು ಹೇಳುತ್ತಿದೆ, ಎದುರಿಗಿರುವ ಮಗು ಇನ್ನೊಂದು ಹೇಳುತ್ತಿದೆ ಅನ್ನುವಾಗ ದೋಷ ಎಲ್ಲಿದೆ ಅಂತ ಹುಡುಕಬೇಕಾದ ಡೇಟಾ ಎಂಟ್ರಿಯವರಿಗೆ, ಸಿಸ್ಟರ್‌ಗಳಿಗೆ, ಅಂಗನವಾಡಿ ಕಾರ್ಯಕರ್ತೆಯರಿಗೆ ಇದು.

ದಾಖಲೆ ಎರಡು ಬಗೆಯಲ್ಲಿ ತಪ್ಪುತ್ತದೆ. ಚೆನ್ನಾಗಿರುವ ಮಗುವನ್ನು ಕೆಂಪಿನಲ್ಲಿ ತೋರಿಸುವುದು ಒಂದು. ಸೊರಗಿದ ಮಗುವನ್ನು ಹಸಿರಿನಲ್ಲಿ ತೋರಿಸುವುದು ಇನ್ನೊಂದು. ಮೊದಲನೆಯದರ ಬಗ್ಗೆ ಎಲ್ಲರೂ ದೂರು ಕೊಡುತ್ತಾರೆ. ಎರಡನೆಯದರ ಬಗ್ಗೆ ಯಾರೂ ಕೊಡುವುದಿಲ್ಲ, ಏಕೆಂದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೇ ಒಂದು ನಿಯಮ ಪಾಲಿಸಿ: ಮಗುವನ್ನು ಮತ್ತೊಮ್ಮೆ ತೂಗಿ ನೋಡುವವರೆಗೆ ಕೆಂಪು ಬಣ್ಣವನ್ನು ‘ಸಿಸ್ಟಮ್ ಪ್ರಾಬ್ಲಮ್’ ಅನ್ನಬೇಡಿ. ಲಸಿಕೆಗಳನ್ನು ಬರೆದಿರುವ ‘ತಾಯಿ ಕಾರ್ಡ್’ ನಿಮ್ಮ ಕೈಗೆ ಬರುವವರೆಗೆ ‘ಬಾಕಿ’ ಅಂತಿರುವ ಲಸಿಕೆಯನ್ನು ‘ಆಗಿದೆ’ ಅಂತ ತಿದ್ದಬೇಡಿ.

ಶುರು ಮಾಡುವ ಮೊದಲು

ಆ್ಯಪ್ ಅನ್ನು ಡಿಲೀಟ್ ಮಾಡಿ ಮತ್ತೆ ಹಾಕಬೇಡಿ. ಸೆಟ್ಟಿಂಗ್ಸ್‌ಗೆ ಹೋಗಿ ‘ಕ್ಲಿಯರ್ ಡೇಟಾ’ ಒತ್ತಬೇಡಿ. ಮೊಬೈಲ್‌ನಲ್ಲಿ ಏನೇ ತೊಂದರೆ ಬಂದರೂ ಜನ ಮೊದಲು ಕೊಡುವ ಸಲಹೆ ಇದೇ. ಆದರೆ ನೆಟ್‌ವರ್ಕ್ ಇಲ್ಲದಿದ್ದಾಗ ತುಂಬಿದ ದಾಖಲೆಗಳು ಸರ್ವರ್‌ಗೆ ಹೋಗದೆ ಆ ಫೋನ್‌ನಲ್ಲೇ ಕೂತಿರುತ್ತವೆ. ಆ್ಯಪ್ ತೆಗೆದರೆ ಅವೂ ಹೋದವು. ಒಂದು ಇಡೀ ಶಿಬಿರದ ತೂಕಗಳು ಹೀಗೆ ಒಂದೇ ಗಳಿಗೆಯಲ್ಲಿ ಮಾಯವಾಗಬಹುದು.

ತಪ್ಪು ಕಂಡ ಪರದೆಯ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ತಾರೀಖು, ಸಮಯ, ಯಾವ ಫೋನ್, ಯಾರ ಲಾಗಿನ್ ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ಮಗುವಿನ ಹೆಸರು ಕಾಣುವ ಚಿತ್ರವನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಅದು ಒಂದು ಕುಟುಂಬದ ಆರೋಗ್ಯದ ಮಾಹಿತಿ, ಅಲ್ವಾ?

ಒಂದು ಮಗುವೋ, ಒಂದು ದಿನವೋ, ಎಲ್ಲರದ್ದೋ?

ದೋಷ ಹುಡುಕುವವರು ಕೇಳಬೇಕಾದ ಮೊದಲ ಪ್ರಶ್ನೆ ಇದು. ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ಒಂದೇ ಮಗುವಿನ ದಾಖಲೆ ತಪ್ಪಿದ್ದರೆ ಅದು ಸಾಮಾನ್ಯವಾಗಿ ಟೈಪ್ ಮಾಡುವಾಗ ಆದದ್ದು: ಹುಟ್ಟಿದ ತಾರೀಖು, ಗಂಡೋ ಹೆಣ್ಣೋ, ದಶಾಂಶದ ಚುಕ್ಕಿ. ಒಂದು ದಿನ ತೂಗಿದ ಎಲ್ಲ ಮಕ್ಕಳೂ ಒಂದೇ ಕಡೆಗೆ ವಾಲಿದ್ದರೆ ತಕ್ಕಡಿಯನ್ನು ನೋಡಿ. ಒಬ್ಬರು ತುಂಬಿದ ದಾಖಲೆಗಳಷ್ಟೇ ಕೆಟ್ಟಿದ್ದರೆ ಅವರ ಫೋನ್ ನೋಡಿ, ಆಮೇಲೆ ಅವರು ಅಳೆಯುವ ರೀತಿ ನೋಡಿ. ಒಂದೇ ಲಸಿಕೆ ಎಲ್ಲರಿಗೂ ಬಾಕಿ ತೋರಿಸುತ್ತಿದ್ದರೆ ಲಸಿಕೆಯ ಪಟ್ಟಿ ಹಳೆಯದಿರಬೇಕು. ಎಲ್ಲವೂ ಎಲ್ಲರದ್ದೂ ಒಮ್ಮೆಗೇ ಕೆಟ್ಟಿದ್ದರೆ, ಇತ್ತೀಚೆಗೆ ಸಾಫ್ಟ್‌ವೇರ್ ಬದಲಾಯಿತಾ, ಎಕ್ಸೆಲ್‌ನಿಂದ ಡೇಟಾ ಎತ್ತಿ ಹಾಕಿದರಾ ಅಂತ ವಿಚಾರಿಸಿ.

ತೂಕವೂ ಕೆಂಪು, ಲಸಿಕೆಯೂ ಬಾಕಿ, ಎರಡೂ ಒಟ್ಟಿಗೆ ಬಂದಿದ್ದರೆ ಬೇರೆಲ್ಲ ಬಿಟ್ಟು ಮೊದಲು ಹುಟ್ಟಿದ ತಾರೀಖನ್ನು ನೋಡಿ. ಎರಡು ಲೆಕ್ಕಕ್ಕೂ ಬುಡ ಅದೇ.

ಹುಟ್ಟಿದ ತಾರೀಖು

ನಾವು ದಿನ, ತಿಂಗಳು, ವರ್ಷ ಅಂತ ಬರೆಯುತ್ತೇವೆ. ಅಮೆರಿಕದ ರೂಢಿಯಲ್ಲಿ ಸೆಟ್ ಆದ ಕಂಪ್ಯೂಟರ್ ತಿಂಗಳನ್ನು ಮೊದಲು ಓದುತ್ತದೆ. 03/07/2024 ಅಂದರೆ ನಮಗೆ ಜುಲೈ 3. ಅದಕ್ಕೆ ಮಾರ್ಚ್ 7. ಮಗುವಿನ ವಯಸ್ಸು ಒಮ್ಮೆಗೇ ಸುಮಾರು ನಾಲ್ಕು ತಿಂಗಳು ಜಾಸ್ತಿಯಾಯಿತು. ಆರು ತಿಂಗಳ ಮಗುವಿನ ತೂಕವನ್ನು ಹತ್ತು ತಿಂಗಳ ಮಕ್ಕಳ ಜೊತೆ ಹೋಲಿಸಿದರೆ ಕೆಂಪು ಬಾರದೆ ಇನ್ನೇನು ಬರುತ್ತದೆ? 9 ತಿಂಗಳು ತುಂಬಿದಾಗ ಕೊಡುವ ದಡಾರ-ರುಬೆಲ್ಲಾ (ಎಂಆರ್) ಲಸಿಕೆಯೂ ಬಾಕಿ ಅಂತ ಬರುತ್ತದೆ.

ಈ ದೋಷವನ್ನು ಗುರುತಿಸುವುದು ಸುಲಭ. ತಿಂಗಳ 13ರಿಂದ 31ರೊಳಗೆ ಹುಟ್ಟಿದ ಮಕ್ಕಳ ದಾಖಲೆ ಅದಲುಬದಲಾಗುವುದಿಲ್ಲ. 13ನೇ ತಿಂಗಳು ಅಂತ ಒಂದಿಲ್ಲವಲ್ಲ! 1ರಿಂದ 12ರೊಳಗೆ ಹುಟ್ಟಿದವರದ್ದು ಮಾತ್ರ ಕೆಡುತ್ತದೆ. ಎಕ್ಸೆಲ್ ಶೀಟ್‌ನಲ್ಲಿ ತಾರೀಖಿನ ಕಾಲಂ ನೋಡಿ. ಕೆಲವು ತಾರೀಖು ಬಲಕ್ಕೆ ಅಂಟಿಕೊಂಡು, ಇನ್ನು ಕೆಲವು ಎಡಕ್ಕೆ ಅಂಟಿಕೊಂಡು ನಿಂತಿದ್ದರೆ ಇದೇ ಕಾಯಿಲೆ ಅಂತ ಅನುಮಾನಿಸಿ. ಎಡಕ್ಕಿರುವುದನ್ನು ಎಕ್ಸೆಲ್ ತಾರೀಖು ಅಂತ ಒಪ್ಪದೆ ಬರೀ ಅಕ್ಷರವಾಗಿ ಇಟ್ಟುಕೊಂಡಿರುತ್ತದೆ. ಬಲಕ್ಕಿರುವುದನ್ನು ಒಪ್ಪಿದೆ, ಆದರೆ ತಿರುಗಿಸಿ ಒಪ್ಪಿರಬಹುದು. ಶೀಟ್ ಅನ್ನು ಅಲ್ಲೇ ತಿದ್ದಲು ಹೋಗಬೇಡಿ. ಮೂಲ ಫೈಲ್‌ಗೆ ಹಿಂದಿರುಗಿ, ದಿನ-ತಿಂಗಳು-ವರ್ಷ ಅಂತ ಹೇಳಿಕೊಟ್ಟು ಮತ್ತೆ ತುಂಬಿಸಿ.

ಇನ್ನೊಂದು ಇದಕ್ಕಿಂತ ಸಣ್ಣದು, ಆದರೆ ತುಂಬ ತಲೆ ತಿನ್ನುತ್ತದೆ. ತಾರೀಖುಗಳು ಸರಿಯಾಗಿ ಒಂದು ದಿನ ಹಿಂದಕ್ಕೆ ಹೋಗಿರುತ್ತವೆ. ಹುಟ್ಟಿದ 24 ಗಂಟೆಯೊಳಗೆ ಕೊಡಬೇಕಾದ ಹೆಪಟೈಟಿಸ್-ಬಿ ಲಸಿಕೆ, ಮಗು ಹುಟ್ಟುವ ಹಿಂದಿನ ದಿನವೇ ಕೊಟ್ಟಂತೆ ಕಾಣುತ್ತದೆ. ನಮ್ಮ ಗಡಿಯಾರ ಅಂತರರಾಷ್ಟ್ರೀಯ ಸಮಯಕ್ಕಿಂತ ಐದೂವರೆ ಗಂಟೆ ಮುಂದಿದೆ. ಕೆಲವು ಸಾಫ್ಟ್‌ವೇರ್‌ಗಳು ಬರೀ ತಾರೀಖನ್ನು ಕೊಟ್ಟರೂ ‘ಆ ದಿನದ ಮಧ್ಯರಾತ್ರಿ 12 ಗಂಟೆ’ ಅಂತ ಇಟ್ಟುಕೊಳ್ಳುತ್ತವೆ. ಅದನ್ನು ಅಂತರರಾಷ್ಟ್ರೀಯ ಸಮಯಕ್ಕೆ ತಿರುಗಿಸಿದರೆ ಹಿಂದಿನ ದಿನ ಸಂಜೆ ಆರೂವರೆ ಆಗುತ್ತದೆ. ವರದಿಯಲ್ಲಿ ಸಮಯ ಬಿಟ್ಟು ತಾರೀಖು ಮಾತ್ರ ಅಚ್ಚಾದಾಗ ಒಂದು ದಿನ ಕಾಣೆ. ಇದನ್ನು ನೀವು ಒಂದೊಂದೇ ದಾಖಲೆಯಲ್ಲಿ ತಿದ್ದಬೇಡಿ. ಸಾಫ್ಟ್‌ವೇರ್‌ನವರಿಗೆ ‘ತಾರೀಖು ಐದೂವರೆ ಗಂಟೆ ಹಿಂದೆ ಹೋಗುತ್ತಿದೆ’ ಅಂತ ಒಂದೇ ಮಾತು ಹೇಳಿ, ಅವರಿಗೆ ಅರ್ಥವಾಗುತ್ತದೆ. ನೀವು ಕೈಯಲ್ಲಿ ತಿದ್ದಿದ ಮೇಲೆ ಅವರೂ ತಿದ್ದಿದರೆ ಎಲ್ಲ ಒಂದು ದಿನ ಮುಂದಕ್ಕೆ ಹೋಗುತ್ತದೆ.

ಜನವರಿ 1ರಂದು ಹುಟ್ಟಿದ ಮಕ್ಕಳು ತುಂಬ ಜಾಸ್ತಿ ಕಂಡರೆ, ತಾರೀಖು ಗೊತ್ತಿಲ್ಲದಾಗ ಯಾರೋ ಸುಮ್ನೆ ಹಾಕಿದ್ದಾರೆ ಅಂತಲೇ ಲೆಕ್ಕ. ಜನನ ಪ್ರಮಾಣಪತ್ರ ಕೇಳಿ ತಿದ್ದಿ.

ತೂಕ ಮತ್ತು ಎತ್ತರ

ಹುಟ್ಟಿದಾಗಿನಿಂದ 5 ವರ್ಷದವರೆಗಿನ ಮಕ್ಕಳಿಗೆ ಹೆಚ್ಚಿನ ಸಿಸ್ಟಮ್‌ಗಳು ಬಳಸುವುದು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಮಾನದಂಡ. ‘ಅದು ಫಾರಿನ್ ಮಕ್ಕಳ ಚಾರ್ಟ್, ನಮ್ಮವರಿಗೆ ಹೊಂದಲ್ಲ’ ಅಂತ ಹೇಳಿ ಕೆಂಪನ್ನು ತಳ್ಳಿಹಾಕುವವರನ್ನು ಕಂಡಿದ್ದೇನೆ. ಅದು ಸರಿಯಲ್ಲ. ಆ ಮಾನದಂಡಕ್ಕಾಗಿ ಆರು ದೇಶಗಳ ಮಕ್ಕಳನ್ನು ಅಳೆದರು, ಅದರಲ್ಲಿ ನಮ್ಮ ದೆಹಲಿಯ ಮಕ್ಕಳೂ ಇದ್ದರು. ಚೆನ್ನಾಗಿ ಉಂಡು, ಆರೋಗ್ಯವಾಗಿರುವ ಮಗು ಎಲ್ಲಿ ಹುಟ್ಟಿದರೂ ಮೊದಲ ಐದು ವರ್ಷ ಹೆಚ್ಚುಕಡಿಮೆ ಒಂದೇ ರೀತಿ ಬೆಳೆಯುತ್ತದೆ ಅಂತ ಅದರಿಂದ ಗೊತ್ತಾಯಿತು.

ಮೊದಲು ಗಂಡು-ಹೆಣ್ಣು ಸರಿಯಾಗಿದೆಯಾ ನೋಡಿ. ಇದು ಸಣ್ಣ ತಪ್ಪಲ್ಲ. ಒಂದು ವರ್ಷ ತುಂಬಿದ ಮಗುವಿನ ತೂಕ 7.2 ಕೆ.ಜಿ. ಇದೆ ಅಂದುಕೊಳ್ಳಿ. ಹೆಣ್ಣು ಮಗುವಾದರೆ ಕಡಿಮೆ ತೂಕದ ಗೆರೆ 7.0 ಕೆ.ಜಿ., ಅಂದರೆ ಮಗು ಗೆರೆಯ ಮೇಲಿದೆ. ಗಂಡು ಅಂತ ಟಿಕ್ ಆಗಿದ್ದರೆ ಗೆರೆ 7.7 ಕೆ.ಜಿ., ಮಗು ಕಡಿಮೆ ತೂಕದ ಪಟ್ಟಿಗೆ ಬರುತ್ತದೆ. ಇದೇ ತಪ್ಪು ತಿರುಗಾಮುರುಗಾ ಆದರೆ ಕಷ್ಟ ಇನ್ನೂ ಹೆಚ್ಚು. 7.2 ಕೆ.ಜಿ.ಯ ಗಂಡು ಮಗುವನ್ನು ಹೆಣ್ಣು ಅಂತ ದಾಖಲಿಸಿದರೆ ಹಸಿರು ಬರುತ್ತದೆ. ಯಾರೂ ಅವನನ್ನು ಮತ್ತೆ ನೋಡುವುದಿಲ್ಲ. ಹೊಸ ದಾಖಲೆ ತೆರೆದಾಗ ‘ಗಂಡು’ ಅಂತ ತಾನಾಗಿಯೇ ಟಿಕ್ ಆಗಿರುವ ಆ್ಯಪ್ ಇದ್ದರೆ ಆ ಟಿಕ್ ತೆಗೆಸಿ. ಖಾಲಿ ಇರಲಿ, ತುಂಬುವವರೇ ಒತ್ತಲಿ.

ದಶಾಂಶದ ಚುಕ್ಕಿ ತಪ್ಪಿದ್ದು ಬೇಗ ಗೊತ್ತಾಗುತ್ತದೆ, 8.4 ಹೋಗಿ 84 ಆಗಿರುತ್ತದೆ. ಸಿಸ್ಟಮ್ ಇಂಥದ್ದನ್ನು ಒಳಗೇ ಬಿಡಬಾರದು. ವಯಸ್ಸಿಗೆ ತಕ್ಕ ತೂಕದ ಝಡ್-ಸ್ಕೋರ್ (ಮಾನದಂಡದ ನಡುಗೆರೆಯಿಂದ ಮಗು ಎಷ್ಟು ದೂರ ಇದೆ ಅನ್ನುವ ಅಳತೆ) -6ಕ್ಕಿಂತ ಕೆಳಗೆ ಅಥವಾ +5ಕ್ಕಿಂತ ಮೇಲೆ ಬಂದರೆ ಅದನ್ನು ಅಳತೆಯ ತಪ್ಪು ಅಂತ ಗುರುತು ಹಾಕಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಎತ್ತರಕ್ಕೆ ಈ ಮಿತಿ -6 ಮತ್ತು +6. ನಿಮ್ಮ ಸಾಫ್ಟ್‌ವೇರ್ ಈ ಗುರುತು ಹಾಕುತ್ತದಾ ಅಂತ ತರಬೇತಿಗೆ ಕೊಟ್ಟ ನಕಲು ಖಾತೆಯಲ್ಲಿ ಒಮ್ಮೆ ಪರೀಕ್ಷಿಸಿ.

ತಕ್ಕಡಿಗೆ ಬನ್ನಿ. ದಿನಾ ಬೆಳಗ್ಗೆ ಖಾಲಿ ತಕ್ಕಡಿ ಸೊನ್ನೆ ತೋರಿಸಬೇಕು. ಸೊನ್ನೆ ತೋರಿಸಿದರಷ್ಟೇ ಸಾಲದು, ಗೊತ್ತಿರುವ ಒಂದು ತೂಕದ ಕಲ್ಲು, 2 ಕೆ.ಜಿ.ಯದೋ 5 ಕೆ.ಜಿ.ಯದೋ, ಇಟ್ಟು ನೋಡಿ. ಸೊನ್ನೆ ಸರಿಯಿದ್ದು ಕಲ್ಲಿನ ತೂಕ ತಪ್ಪಿದರೆ ತಕ್ಕಡಿ ರಿಪೇರಿಗೆ ಹೋಗಲೇಬೇಕು. ಡಿಜಿಟಲ್ ತಕ್ಕಡಿಯನ್ನು ಚಾಪೆ, ಜಮಖಾನದ ಮೇಲೆ ಇಡಬೇಡಿ. ಗಟ್ಟಿ ನೆಲ ಬೇಕು. ಬ್ಯಾಟರಿ ಇಳಿದಾಗಲೂ ಕೆಲವು ತಕ್ಕಡಿಗಳು ಏನೇನೋ ತೋರಿಸುತ್ತವೆ.

ಬಟ್ಟೆಯ ಲೆಕ್ಕ ಮರೆಯಬೇಡಿ. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನ ಮಕ್ಕಳು ಸ್ವೆಟರ್, ಟೋಪಿ, ಕಾಲುಚೀಲ ಎಲ್ಲ ಹಾಕಿಕೊಂಡೇ ಬರುತ್ತಾರೆ. ಅದರ ಜೊತೆ ಬೆಳ್ಳಿ ಕಡಗ, ಕಾಲ್ಗೆಜ್ಜೆ, ಒದ್ದೆಯಾದ ಡೈಪರ್. ಚಳಿ ಮುಗಿದು ಮಾರ್ಚ್‌ನಲ್ಲಿ ತೆಳು ಅಂಗಿಯಲ್ಲಿ ತೂಗಿದಾಗ ‘ತೂಕ ಇಳಿದಿದೆ’ ಅಂತ ಬರುತ್ತದೆ. ಮಗು ಇಳಿದಿಲ್ಲ, ಸ್ವೆಟರ್ ಇಳಿದಿದೆ. ಆದರೆ ಅದನ್ನು ಹೇಳಲು ಮತ್ತೆ ತೂಗಿರಬೇಕು. ಊಹೆ ಮಾಡಿ ಬಿಟ್ಟುಬಿಡುವಂತಿಲ್ಲ.

ಎತ್ತರದಲ್ಲಿ ಒಂದು ಗಟ್ಟಿ ಸೂತ್ರ ಇದೆ: ಮಗುವಿನ ತೂಕ ಇಳಿಯಬಹುದು, ಎತ್ತರ ಇಳಿಯುವುದಿಲ್ಲ. ಹಿಂದಿನ ತಿಂಗಳು 76 ಸೆಂ.ಮೀ. ಇದ್ದದ್ದು ಈ ತಿಂಗಳು 74 ಆಗಿದ್ದರೆ ಎರಡರಲ್ಲಿ ಒಂದು ಅಳತೆ ತಪ್ಪು. ಯಾವುದು ಅಂತ ತೀರ್ಮಾನಿಸಲು ಮೂರನೆಯ ಸಲ ಅಳೆಯಿರಿ. 2 ವರ್ಷದೊಳಗಿನ ಮಗುವನ್ನು ಮಲಗಿಸಿ ಅಳೆಯಬೇಕು, ಮೇಲ್ಪಟ್ಟವರನ್ನು ನಿಲ್ಲಿಸಿ. ಮಲಗಿಸಿದಾಗ ಸುಮಾರು 0.7 ಸೆಂ.ಮೀ. ಜಾಸ್ತಿ ಬರುತ್ತದೆ. ಸಣ್ಣ ಮಗುವನ್ನು ನಿಲ್ಲಿಸಿ ಅಳೆದಿದ್ದರೆ ಇಷ್ಟನ್ನು ಕೂಡಿಸಬೇಕು, ದೊಡ್ಡ ಮಗುವನ್ನು ಮಲಗಿಸಿ ಅಳೆದಿದ್ದರೆ ಕಳೆಯಬೇಕು. ‘ಹೇಗೆ ಅಳೆದಿರಿ’ ಅಂತ ಕೇಳುವ ಜಾಗ ಪರದೆಯಲ್ಲಿ ಇರುತ್ತದೆ, ಅದನ್ನು ಬಿಟ್ಟುಹೋದವರ ದಾಖಲೆಯಲ್ಲಿ ಎರಡನೆಯ ಹುಟ್ಟುಹಬ್ಬದ ಹತ್ತಿರ ಗೆರೆ ಕುಪ್ಪಳಿಸುತ್ತದೆ. ಮಲಗಿಸಿ ಅಳೆಯುವಾಗ ಇಬ್ಬರು ಬೇಕು, ಒಬ್ಬರು ತಲೆ ಹಿಡಿಯಲು, ಇನ್ನೊಬ್ಬರು ಮೊಣಕಾಲು ನೇರ ಮಾಡಿ ಪಾದಕ್ಕೆ ಹಲಗೆ ತಾಗಿಸಲು. ಒಬ್ಬರೇ ಅಳೆದ ಉದ್ದವನ್ನು ನಾನಂತೂ ನಂಬುವುದಿಲ್ಲ. ಹೆಣ್ಣು ಮಕ್ಕಳ ಜುಟ್ಟು ಬಿಚ್ಚಿಸಿ.

ಎಲ್ಲ ತೂಕಗಳೂ .0 ಅಥವಾ .5ಕ್ಕೇ ಮುಗಿಯುತ್ತಿದ್ದರೆ ಅಂದಾಜಿನಲ್ಲಿ ಬರೆಯುತ್ತಿದ್ದಾರೆ ಅಂತ ಅರ್ಥ. ಬೈಯಬೇಡಿ. ಕೆಲಸದ ಹೊರೆ ನೋಡಿ, ತಕ್ಕಡಿಯ ಪರದೆ ಓದಲು ಬರುತ್ತಿದೆಯಾ ನೋಡಿ.

ಎರಡು ಸಿಸ್ಟಮ್ ಎರಡು ಬಣ್ಣ ತೋರಿಸಿದರೆ ಅದು ದೋಷ ಅಲ್ಲದೆಯೂ ಇರಬಹುದು. ಒಂದು ‘ವಯಸ್ಸಿಗೆ ತಕ್ಕ ತೂಕ’ ನೋಡುತ್ತಿರುತ್ತದೆ, ಇನ್ನೊಂದು ‘ಎತ್ತರಕ್ಕೆ ತಕ್ಕ ತೂಕ’. ಬಹಳ ಕಾಲ ಪೌಷ್ಟಿಕ ಆಹಾರ ಸಿಗದೆ ಗಿಡ್ಡವಾಗಿ ಉಳಿದ ಮಗು ಮೊದಲನೆಯದರಲ್ಲಿ ಕೆಂಪು, ಎರಡನೆಯದರಲ್ಲಿ ಹಸಿರು ಬರಬಹುದು. ಎರಡೂ ನಿಜವೇ.

ತಿಂಗಳು ತುಂಬುವ ಮೊದಲೇ ಹುಟ್ಟಿದ ಮಕ್ಕಳ ವಿಷಯ ಬೇರೆ. 32 ವಾರಕ್ಕೆ ಹುಟ್ಟಿದ ಮಗು 8 ವಾರ ಮೊದಲೇ ಬಂದಿದೆ. ಬೆಳವಣಿಗೆಯ ಚಾರ್ಟ್‌ನಲ್ಲಿ ಎರಡು ವರ್ಷದವರೆಗೆ ಆ 8 ವಾರ ಕಳೆದು ನೋಡಬೇಕು. ಲಸಿಕೆಗೆ ಮಾತ್ರ ಕಳೆಯಬಾರದು, ನಿಜವಾಗಿ ಹುಟ್ಟಿದ ದಿನದಿಂದಲೇ ಎಣಿಸಬೇಕು. ಕೆಲವು ಸಿಸ್ಟಮ್‌ಗಳು ಎರಡಕ್ಕೂ ಒಂದೇ ವಯಸ್ಸು ಬಳಸುತ್ತವೆ. ಆಗ ಒಂದೋ ಮಗು ಸುಮ್ನೆ ಕೆಂಪಾಗುತ್ತದೆ, ಇಲ್ಲವೇ ಲಸಿಕೆ ಎರಡು ತಿಂಗಳು ತಡವಾಗುತ್ತದೆ. ಬೇಗ ಹುಟ್ಟಿದ ಮಗುವಿಗೆ ಲಸಿಕೆ ತಡವಾಗುವುದು ತೀರಾ ಕೆಟ್ಟದ್ದು. ಸೋಂಕು ತಾಗುವ ಭಯ ಅವರಿಗೇ ಜಾಸ್ತಿ.

ಇಲ್ಲಿ ಒಂದು ಎಚ್ಚರಿಕೆ. ತೂಕ ಸರಿಯಿದೆ, ಬಣ್ಣ ಹಸಿರಿದೆ, ಆದರೆ ಮಗುವಿನ ಎರಡೂ ಪಾದ ಊದಿಕೊಂಡಿದೆ. ಹೆಬ್ಬೆರಳಿನಿಂದ ಮೂರು ಸೆಕೆಂಡ್ ಒತ್ತಿ ತೆಗೆದಾಗ ಗುಳಿ ಹಾಗೇ ಉಳಿಯುತ್ತದೆ. ಅಂಥ ಮಗುವಿನ ತೂಕದಲ್ಲಿ ನೀರೂ ಸೇರಿದೆ. ತಕ್ಕಡಿ ಏನೇ ಹೇಳಲಿ, ಅದೇ ದಿನ ವೈದ್ಯರ ಹತ್ತಿರ ಕಳಿಸಿ. 6 ತಿಂಗಳಿಂದ 5 ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೂ ಹಾಗೆಯೇ. ಊತಕ್ಕೆ ಟಿಕ್ ಹಾಕುವ ಜಾಗ ನಿಮ್ಮ ಸಿಸ್ಟಮ್‌ನಲ್ಲಿ ಇಲ್ಲದಿದ್ದರೆ, ಅದನ್ನೇ ದೊಡ್ಡ ದೋಷ ಅಂತ ಬರೆದು ಕಳಿಸಿ.

ಲಸಿಕೆ: ಕೊಟ್ಟಿದ್ದರೂ ಬಾಕಿ, ಕೊಡದಿದ್ದರೂ ಪೂರ್ತಿ

ಬೆಂಗಳೂರಿನಲ್ಲಿ ಇದಕ್ಕೆ ದೊಡ್ಡ ಕಾರಣ ಬಾಣಂತನ. ಹೆರಿಗೆಗೆ ತಾಯಿ ತವರಿಗೆ ಹೋಗಿರುತ್ತಾಳೆ, ಹಾಸನವೋ ಕಲಬುರಗಿಯೋ. ಕ್ಷಯ ತಡೆಯುವ ಬಿಸಿಜಿ, ಹುಟ್ಟಿದಾಗ ಹಾಕುವ ಪೋಲಿಯೊದ ಸೊನ್ನೆ ಡೋಸ್, ಹೆಪಟೈಟಿಸ್-ಬಿ ಅಲ್ಲೇ ಆಗುತ್ತವೆ. ಒಂದೂವರೆ ತಿಂಗಳಿಗೆ ಕೊಡುವ, ಐದು ರೋಗ ತಡೆಯುವ ‘ಪೆಂಟಾ’ ಕೂಡ ಅಲ್ಲೇ ಆಗಿರಬಹುದು. ಮೂರು ತಿಂಗಳ ಮೇಲೆ ಇಲ್ಲಿಗೆ ಬಂದಾಗ ಇಲ್ಲಿನ ಸಿಸ್ಟಮ್ ಮಗುವನ್ನು ಹೊಸದಾಗಿ ದಾಖಲಿಸಿ ಹಿಂದಿನ ಎಲ್ಲ ಲಸಿಕೆಯನ್ನೂ ಬಾಕಿ ಅನ್ನುತ್ತದೆ. ಇಲ್ಲಿ ಮತ್ತೊಂದು ದಾಖಲೆ ತೆರೆಯುವ ಮೊದಲು ತಾಯಿಯ ಮೊಬೈಲ್ ನಂಬರ್, ಗಂಡನ ನಂಬರ್, ತವರಿನವರ ನಂಬರ್ ಮೂರನ್ನೂ ಹಾಕಿ ಹುಡುಕಿ. ತಾಯಿ ಕಾರ್ಡ್ ಮೇಲಿನ ನಂಬರ್‌ನಿಂದಲೂ ಹುಡುಕಿ.

ಖಾಸಗಿ ಆಸ್ಪತ್ರೆಯ ಲಸಿಕೆ ಎರಡನೆಯ ಕಾರಣ. ಅಲ್ಲಿ 6, 10, 14 ವಾರಕ್ಕೆ ‘ಹೆಕ್ಸಾ’ ಕೊಡುತ್ತಾರೆ. ಅಂದರೆ ಪೆಂಟಾದ ಐದು ರೋಗಗಳ ಜೊತೆ ಪೋಲಿಯೊದ ಚುಚ್ಚುಮದ್ದೂ (ಐಪಿವಿ) ಒಂದೇ ಸಿರಿಂಜ್‌ನಲ್ಲಿ. ಸರ್ಕಾರಿ ಪಟ್ಟಿ ಮಾತ್ರ ಗೊತ್ತಿರುವ ಸಿಸ್ಟಮ್‌ಗೆ ‘ಹೆಕ್ಸಾ’ ಅನ್ನುವ ಹೆಸರೇ ತಿಳಿಯದು. ಪೆಂಟಾ ಬಾಕಿ, ಐಪಿವಿ ಬಾಕಿ ಅಂತ ಎರಡು ಸಾಲು ಬರುತ್ತವೆ. ಅಲ್ಲಿನ ಎಂಎಂಆರ್‌ನಲ್ಲಿ ದಡಾರ, ರುಬೆಲ್ಲಾ ಎರಡೂ ಇವೆ, ಮಂಗನಬಾವು ಹೆಚ್ಚಿಗೆ ಇದೆ. ಆದರೂ ಇಲ್ಲಿ ಎಂಆರ್ ಬಾಕಿ ಅನ್ನುತ್ತದೆ. ಭೇದಿ ತಡೆಯುವ ರೋಟಾ ಲಸಿಕೆಯಲ್ಲಿ ಎರಡೇ ಡೋಸ್‌ಗೆ ಮುಗಿಯುವುದು ಒಂದಿದೆ, ಸರ್ಕಾರಿ ಪಟ್ಟಿಯಲ್ಲಿರುವುದು ಮೂರು ಡೋಸ್‌ನದು. ನ್ಯುಮೋನಿಯಾ ತಡೆಯುವ ಪಿಸಿವಿ ಸರ್ಕಾರಿ ಪಟ್ಟಿಯಲ್ಲಿ 6 ವಾರ, 14 ವಾರ, 9 ತಿಂಗಳು. ಖಾಸಗಿಯಲ್ಲಿ ಸಾಮಾನ್ಯವಾಗಿ ಮೂರು ಡೋಸ್ ಮೊದಲು, ಬೂಸ್ಟರ್ ಒಂದು ವರ್ಷ ದಾಟಿದ ಮೇಲೆ. ಹೀಗಿರುವಾಗ ಸುಮ್ನೆ ಹೆಸರು ಬದಲಿಸಿ ತುಂಬಬೇಡಿ. ಕಾರ್ಡ್‌ನಲ್ಲಿ ಅಂಟಿಸಿರುವ ಲಸಿಕೆಯ ಸ್ಟಿಕ್ಕರ್ ನೋಡಿ, ಯಾವ ಲಸಿಕೆ ಅಂತ ಹಾಗೇ ಬರೆಯಿರಿ. ಯಾವುದು ಯಾವುದಕ್ಕೆ ಸಮ ಅನ್ನುವ ಪಟ್ಟಿಯನ್ನು ವೈದ್ಯರು ಮಾಡಿಕೊಡಲಿ. ಸಾಫ್ಟ್‌ವೇರ್ ಬರೆಯುವವರು ಊಹಿಸಿ ಮಾಡಬಾರದು.

ಪಟ್ಟಿ ಹಳೆಯದಾಗಿರುವುದೂ ಉಂಟು. ಐಪಿವಿಯ ಸಣ್ಣ ಡೋಸ್ 6 ಮತ್ತು 14 ವಾರಕ್ಕೆ ಮಾತ್ರ ಇತ್ತು. 2023ರಿಂದ 9 ತಿಂಗಳಿಗೆ ಮೂರನೆಯದು ಸೇರಿತು. ನಿಮ್ಮಲ್ಲಿ ಯಾವ ಮಗುವಿಗೂ ಮೂರನೆಯ ಐಪಿವಿ ಬಾಕಿ ತೋರಿಸುತ್ತಿಲ್ಲ ಅಂದರೆ ಖುಷಿಪಡಬೇಡಿ, ಪಟ್ಟಿ ಅಪ್‌ಡೇಟ್ ಆಗಿಲ್ಲ.

ಕೊಡದಿದ್ದರೂ ಪೂರ್ತಿ ಅಂತ ತೋರಿಸುವುದಕ್ಕೆ ಹೆಚ್ಚಾಗಿ ಪಲ್ಸ್ ಪೋಲಿಯೊ ಕಾರಣ. ಭಾನುವಾರ ಬೂತ್‌ನಲ್ಲಿ ಹಾಕಿದ ಎರಡು ಹನಿ ಹೆಚ್ಚುವರಿ. ಅದನ್ನು ಯಾರಾದರೂ ‘ಒಪಿವಿ 2’ (ಮಾಮೂಲಿ ಪೋಲಿಯೊ ಹನಿಯ ಎರಡನೇ ಡೋಸ್) ಅಂತ ತುಂಬಿದರೆ ಮಗುವಿನ ಮಾಮೂಲಿ ಡೋಸ್ ತಪ್ಪಿಹೋಗುತ್ತದೆ. ಒಪಿವಿ ತಾರೀಖು ಒಂದು ಕಡೆ, ಅದೇ ದಿನ ಕೊಡಬೇಕಾದ ಪೆಂಟಾ ತಾರೀಖು ಇನ್ನೊಂದು ಕಡೆ ಇದ್ದು, ಒಪಿವಿ ದಿನ ಪಲ್ಸ್ ಪೋಲಿಯೊ ಭಾನುವಾರವೇ ಆಗಿದ್ದರೆ ಕಾರ್ಡ್ ತೆರೆದು ನೋಡಿ.

ಇನ್ನು ದಿನಗಳ ಲೆಕ್ಕ. 6 ವಾರ ಅಂದರೆ 42 ದಿನ. ಬಾಯಿಮಾತಿನಲ್ಲಿ ‘ಒಂದೂವರೆ ತಿಂಗಳು’ ಅಂತೇವೆ. ಸಾಫ್ಟ್‌ವೇರ್ ಅದನ್ನು 45 ದಿನ ಅಂತ ಬರೆದುಕೊಂಡರೆ 43ನೇ ದಿನ ಬಂದ ತಾಯಿಗೆ ‘ಇನ್ನೂ ಸಮಯ ಆಗಿಲ್ಲ’ ಅನ್ನುತ್ತದೆ. ಅವಳು ಒಂದು ದಿನದ ಕೂಲಿ ಬಿಟ್ಟು ಬಂದಿರುತ್ತಾಳೆ. ಮತ್ತೆ ಬರುತ್ತಾಳೋ ಇಲ್ಲವೋ.

ತಡವಾಗಿ ಶುರುವಾದ ಮಕ್ಕಳಲ್ಲಿ ಇನ್ನೊಂದು ದೋಷ ಕಾಣುತ್ತದೆ. ಮೊದಲ ಪೆಂಟಾ ಐದನೇ ತಿಂಗಳಲ್ಲಿ ಆಯಿತು ಅಂದುಕೊಳ್ಳಿ. ಎರಡನೆಯದು, ಮೂರನೆಯದು ಎರಡೂ ಇವತ್ತೇ ಬಾಕಿ ಅಂತ ಬರುತ್ತದೆ. ಸಿಸ್ಟಮ್ ಹುಟ್ಟಿದ ದಿನದಿಂದ ಮಾತ್ರ ಎಣಿಸುತ್ತಿದೆ, ಹಿಂದಿನ ಡೋಸ್‌ನಿಂದ ಎಣಿಸುತ್ತಿಲ್ಲ. ಎರಡು ಡೋಸ್ ನಡುವೆ ಕನಿಷ್ಠ 4 ವಾರ ಬೇಕು. ಎಷ್ಟೇ ತಡವಾಗಿದ್ದರೂ ಮೊದಲಿನಿಂದ ಶುರುಮಾಡಬೇಕಿಲ್ಲ, ಬಿಟ್ಟ ಕಡೆಯಿಂದ ಮುಂದುವರಿಸಬೇಕು. ‘ಮತ್ತೆ ಡೋಸ್ 1’ ಅಂತ ಕೇಳುವ ಸಿಸ್ಟಮ್ ಇದ್ದರೆ ಅದೂ ತಪ್ಪೇ.

ಕಾರ್ಡೇ ಕಳೆದುಹೋಗಿದೆ ಅಂದರೆ? ಹೆರಿಗೆ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಯು-ವಿನ್ ಪ್ರಮಾಣಪತ್ರ, ಸಿಸ್ಟರ್ ಬಳಿ ಇರುವ ರಿಜಿಸ್ಟರ್, ಅಂಗನವಾಡಿಯ ಪುಸ್ತಕ ಇವನ್ನೆಲ್ಲ ನೋಡಿ. ತಾಯಿಯನ್ನು ಕೇಳುವಾಗ ‘ಪೆಂಟಾ ಆಯ್ತಾ?’ ಅಂದರೆ ಆಕೆಗೆ ಗೊತ್ತಾಗುವುದಿಲ್ಲ. ‘ಎಡ ತೊಡೆಗೂ ಬಲ ತೊಡೆಗೂ ಒಂದೇ ದಿನ ಚುಚ್ಚಿದ್ರಾ ಅಮ್ಮಾ?’ ಅಂತ ಕೇಳಿ. ಸರ್ಕಾರಿ ಕೇಂದ್ರದಲ್ಲಿ ಪೆಂಟಾ ಎಡ ತೊಡೆಗೆ, ಪಿಸಿವಿ ಬಲ ತೊಡೆಗೆ, ಎಂಆರ್ ಬಲ ತೋಳಿಗೆ ಕೊಡುತ್ತಾರೆ. ಎಡ ತೋಳಿನ ಮೇಲಿನ ಸಣ್ಣ ಕಲೆ ಬಿಸಿಜಿಯದು. ಕಲೆ ಇಲ್ಲದಿದ್ದರೆ ಕೊಟ್ಟೇ ಇಲ್ಲ ಅಂತ ಹೇಳುವಂತಿಲ್ಲ, ಕೆಲವು ಮಕ್ಕಳಿಗೆ ಕಲೆ ಏಳುವುದಿಲ್ಲ. ಈ ಉತ್ತರಗಳು ಹುಡುಕಾಟಕ್ಕೆ ದಾರಿ ಅಷ್ಟೇ, ದಾಖಲೆ ಅಲ್ಲ. ಯಾವ ಪುರಾವೆಯೂ ಇಲ್ಲದ ಲಸಿಕೆಯನ್ನು ಕೊಟ್ಟಿಲ್ಲ ಅಂತಲೇ ತಿಳಿದು ಮುಂದುವರಿಯುವುದು ವೈದ್ಯರ ರೂಢಿ. ಆ ತೀರ್ಮಾನ ಅವರದ್ದೇ.

ಮಗು ಸಿಗುತ್ತಿಲ್ಲ, ಅಥವಾ ಎರಡು ಸಲ ಸಿಗುತ್ತಿದೆ

ಹುಟ್ಟಿದಾಗ ‘ಬೇಬಿ ಆಫ್ ರೇಣುಕಾ’. ನಾಮಕರಣದ ನಂತರ ‘ಮನೋಜ್’. ಎರಡು ದಾಖಲೆ, ಒಂದೇ ಮಗು. ಲಸಿಕೆ ಒಂದರಲ್ಲಿ, ತೂಕ ಇನ್ನೊಂದರಲ್ಲಿ. ಇವನ್ನು ಸೇರಿಸುವ ಮೊದಲು ಅವಳಿ ಮಕ್ಕಳಲ್ಲ ಅಂತ ಖಚಿತ ಮಾಡಿಕೊಳ್ಳಿ. ಅವಳಿಗಳಿಗೆ ತಾಯಿ, ತಾರೀಖು, ಮೊಬೈಲ್ ನಂಬರ್ ಎಲ್ಲವೂ ಒಂದೇ ಇರುತ್ತದೆ. ಸೇರಿಸಿಬಿಟ್ಟರೆ ಒಂದು ಮಗು ಪುಸ್ತಕದಿಂದಲೇ ಅಳಿಸಿಹೋಗುತ್ತದೆ.

ಕಟ್ಟಡ ಕೆಲಸದ ಶೆಡ್‌ಗಳಲ್ಲಿ ಹತ್ತಾರು ಕುಟುಂಬಕ್ಕೆ ಮೇಸ್ತ್ರಿಯ ನಂಬರ್ ಒಂದೇ ಕೊಟ್ಟಿರುತ್ತಾರೆ. ನಂಬರ್ ನೋಡಿ ‘ಒಂದೇ ಮನೆ’ ಅಂದುಕೊಳ್ಳಬೇಡಿ. ಉತ್ತರ ಕರ್ನಾಟಕದವರ ಮನೆತನದ ಹೆಸರು ಕೊನೆಗೆ ಬರುತ್ತದೆ, ಮೈಸೂರು ಕಡೆಯವರ ಇನಿಶಿಯಲ್ ಕೆಲವೊಮ್ಮೆ ಮೊದಲಿಗೆ, ಕೆಲವೊಮ್ಮೆ ಕೊನೆಗೆ. ‘ಸರ್‌ನೇಮ್’ ಜಾಗವನ್ನು ಕಡ್ಡಾಯ ಮಾಡಿದ ಸಿಸ್ಟಮ್‌ನಲ್ಲಿ ಒಬ್ಬೊಬ್ಬರು ಒಂದೊಂದು ತುಂಬುತ್ತಾರೆ.

ಕನ್ನಡದಲ್ಲಿ ಹೆಸರು ಹುಡುಕಿದರೆ ಸಿಗದಿರುವುದಕ್ಕೆ ಬೇರೆ ಕಾರಣ ಇದೆ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಟ್ಟಿಯನ್ನು ಹಾಗೇ ಎತ್ತಿ ಹಾಕಿದ್ದರೆ ಹೆಸರಿನ ಜಾಗದಲ್ಲಿ ಗೊಂದಲದ ಚಿಹ್ನೆಗಳು ಕಾಣುತ್ತವೆ. ಮೊದಲು ಯುನಿಕೋಡ್‌ಗೆ ಬದಲಿಸಿ, ಆಮೇಲೆ ಹಾಕಬೇಕು. ಯುನಿಕೋಡ್‌ನಲ್ಲಿ ಇದ್ದರೂ ‘ಮನೋಜ್’ನ ‘ನೋ’ದಲ್ಲಿರುವ ಸ್ವರದ ಗುರುತು ಕಂಪ್ಯೂಟರ್ ಒಳಗೆ ಒಂದೇ ತುಂಡಾಗಿಯೂ ಇರಬಹುದು, ಎರಡು ಮೂರು ತುಂಡು ಜೋಡಿಸಿಯೂ ಇರಬಹುದು. ಕಣ್ಣಿಗೆ ಒಂದೇ, ಹುಡುಕುವ ಯಂತ್ರಕ್ಕೆ ಬೇರೆ. ಕಾಣದ ಜೋಡಕ್ಷರದ ಗುರುತುಗಳೂ ಹೀಗೆಯೇ ಕಾಟ ಕೊಡುತ್ತವೆ. ‘ಕನ್ನಡ ಹೆಸರುಗಳನ್ನು ನಾರ್ಮಲೈಸ್ ಮಾಡಿ ಹುಡುಕಿ’ ಅಂತ ಸಾಫ್ಟ್‌ವೇರ್‌ನವರಿಗೆ ಹೇಳಿ. ಅಲ್ಲಿಯವರೆಗೆ ಹುಟ್ಟಿದ ತಾರೀಖಿನಿಂದ ಹುಡುಕುವುದೇ ವಾಸಿ.

ಆಭಾ, ಅಂದರೆ ಸರ್ಕಾರದ ಆರೋಗ್ಯ ಗುರುತಿನ ಸಂಖ್ಯೆಗೆ 14 ಅಂಕಿ. ಎಕ್ಸೆಲ್ ಅದನ್ನು 9.12ಇ+13 ಅಂತ ಕುಗ್ಗಿಸಿ ತೋರಿಸುತ್ತದೆ. ಆ ಸ್ಥಿತಿಯಲ್ಲೇ ಸಿಎಸ್‌ವಿ ಫೈಲ್ ಆಗಿ ಉಳಿಸಿದರೆ ಉಳಿದ ಅಂಕಿಗಳು ಹೋದವು. ಆ ಕಾಲಂ ಅನ್ನು ಮೊದಲೇ ‘ಟೆಕ್ಸ್ಟ್’ ಮಾಡಿಡಿ.

ವಾರ್ಡ್ ಬದಲಾದಾಗ

ಮಗು ಇರುವುದು ಲಗ್ಗೆರೆಯಲ್ಲಿ, ಬಾಕಿ ಪಟ್ಟಿ ಬಂದಿರುವುದು ಬೇರೆ ಬಡಾವಣೆಯ ಆಶಾ ಕಾರ್ಯಕರ್ತೆಗೆ. ಬಿಬಿಎಂಪಿಯ 198 ವಾರ್ಡ್‌ಗಳನ್ನು 2022ರಲ್ಲಿ 243 ಅಂತ ವಿಂಗಡಿಸಿದರು, 2023ರಲ್ಲಿ 225 ಮಾಡಿದರು. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಐದು ಪಾಲಿಕೆಗಳಾದವು. ವಾರ್ಡ್ ನಂಬರ್ ಆಧಾರದ ಮೇಲೆ ಪಟ್ಟಿ ಹಂಚುವ ಸಿಸ್ಟಮ್‌ಗಳು ಪ್ರತಿ ಸಲವೂ ಎಡವುತ್ತವೆ. ವಾರ್ಡ್ ಬದಲು ಆರೋಗ್ಯ ಕೇಂದ್ರದ ಹೆಸರಿಗೆ ಮಗುವನ್ನು ಜೋಡಿಸಿ.

ಸಿಂಕ್ ಆಗದಿದ್ದಾಗ

ಫೋನ್‌ನ ತಾರೀಖು, ಸಮಯ ‘ಆಟೋಮ್ಯಾಟಿಕ್’ ಇದೆಯಾ ನೋಡಿ. ಇಬ್ಬರು ಒಂದೇ ದಾಖಲೆ ತಿದ್ದಿದಾಗ ಕೊನೆಯದನ್ನು ಉಳಿಸಿಕೊಳ್ಳುವ ಆ್ಯಪ್‌ಗಳಿವೆ. ತಾರೀಖು ಮುಂದಿರುವ ಫೋನ್‌ನ ಹಳೆಯ ಮಾಹಿತಿಯೇ ಆಗ ಗೆದ್ದುಬಿಡುತ್ತದೆ. ‘ಕಳಿಸಬೇಕಾದವು’ ಅಂತ ಎಷ್ಟು ಸಂಖ್ಯೆ ಇದೆ ನೋಡಿ, ವೈಫೈ ಇರುವ ಕಡೆ ಪರದೆ ಆರದಂತೆ ಬಿಟ್ಟು ಅದು ಇಳಿಯುತ್ತಿದೆಯಾ ಗಮನಿಸಿ. ಒಂದೇ ಸಂಖ್ಯೆಗೆ ನಿಂತುಹೋದರೆ ಒಂದು ದಾಖಲೆ ಸಿಕ್ಕಿಹಾಕಿಕೊಂಡು ಹಿಂದಿನವನ್ನೆಲ್ಲ ತಡೆದಿರಬಹುದು. ಆ ಫೋನ್ ಅನ್ನು ಹಾಗೇ ಇಟ್ಟು ಬೇರೆ ಫೋನ್‌ನಲ್ಲಿ ಕೆಲಸ ಮುಂದುವರಿಸಿ, ಸಾಫ್ಟ್‌ವೇರ್‌ನವರನ್ನು ಕರೆಸಿ.

ತಿದ್ದುವಾಗ

ಹಳೆಯ ಸಂಖ್ಯೆಯನ್ನು ಅಳಿಸಬೇಡಿ. ಏನಿತ್ತು, ಏನಾಯಿತು, ಯಾಕೆ, ಯಾರು ತಿದ್ದಿದರು ಅಂತ ಉಳಿಯಬೇಕು. ಆ್ಯಪ್‌ನಲ್ಲಿ ಅದಕ್ಕೆ ಜಾಗ ಇಲ್ಲದಿದ್ದರೆ ಪುಸ್ತಕದಲ್ಲಿ ಬರೆಯಿರಿ. ತಿದ್ದಿದ ದಿನವೇ ತಾಯಿ ಕಾರ್ಡ್‌ನಲ್ಲೂ ಸರಿಮಾಡಿ, ಪಕ್ಕದಲ್ಲಿ ಸಹಿ ಹಾಕಿ. ನಾಳೆ ಈ ಮಗು ಬೇರೆ ಊರಿಗೆ ಹೋದರೆ ಅಲ್ಲಿನ ಸಿಸ್ಟರ್ ಕೈಗೆ ಮೊದಲು ಸಿಗುವುದು ಆ ಕಾರ್ಡ್.

ಬಾಕಿ ಅಂತ ಎಸ್‌ಎಂಎಸ್ ಬಂದು ಗಾಬರಿಯಾಗಿ ಬಂದ ತಾಯಿಗೆ ‘ಸರ್ವರ್ ತಪ್ಪು, ಹೋಗಿ’ ಅನ್ನಬೇಡಿ. ಕೂರಿಸಿ, ಕಾರ್ಡ್ ತೋರಿಸಿ, ಯಾವುದು ಆಗಿದೆ, ಮುಂದಿನದು ಯಾವ ತಾರೀಖಿಗೆ ಅಂತ ಕಾರ್ಡ್ ಮೇಲೆ ಬರೆದುಕೊಡಿ. ಅದೇ ಹೊತ್ತಿಗೆ ಮಗುವನ್ನೂ ಒಮ್ಮೆ ತೂಗಿ ಕಳಿಸಿ.